ಸೌಟಿನ ಸಿದ್ಧಾಂತ

ಬಸವನಕಟ್ಟೆಯ ಸಿದ್ದರಾಜುವಿಗೆ ಅವತ್ತು ಮುಖ ತೊಳೆಯುವುದಕ್ಕೆ ಮುಂಚೆಯೇ ಸಿಟ್ಟು ನೆತ್ತಿಗೇರಿತು. ಅದಕ್ಕೆ ಕಾರಣ ಒಂದು ಸೌಟು. ಎರಡು ತಿಂಗಳಾದ ಮೇಲೆ ಹಿಂದಿನ ಸಂಜೆಯಷ್ಟೇ ಊರಿಗೆ ಬಂದಿದ್ದವನು, ಎದ್ದು ನೀರು ಕುಡಿಯಲು ಅಡುಗೆಮನೆಗೆ ಹೋದರೆ, ಕುಡಿಯುವ ನೀರಿನ ಮಡಕೆಗೆ ತಟ್ಟೆ ಮುಚ್ಚಿದೆ, ಪಕ್ಕದ ಗೋಡೆಗೆ ಮೊಳೆ ಹೊಡೆದು ಒಂದು ಸೌಟು ನೇತುಹಾಕಿದೆ. ತೆಂಗಿನ ಚಿಪ್ಪನ್ನು ನುಣ್ಣಗೆ ಕೆರೆದು, ಎರಡು ತೂತು ಕೊರೆದು, ಮೊಳದುದ್ದದ ಬಿದಿರುಕಡ್ಡಿ ತೂರಿಸಿ ಮಾಡಿದ ಸೌಟು. ಕೆಲಸ ಬಹಳ ಅಚ್ಚುಕಟ್ಟಾಗಿತ್ತು. ಅದನ್ನು ಕಂಡು ಅವನಿಗೆ ಇನ್ನಷ್ಟು ಉರಿಯಿತು.

"ಅವ್ವಾ, ಇದೇನಿದು?"

"ಸೌಟು ಕಣ್ಲಾ. ಕಣ್ ಕಾಣಾಕಿಲ್ವಾ?" ಒಲೆಯ ಮುಂದೆ ಕೂತಿದ್ದ ತಾಯಿ ಪುಟ್ಟಗೌರಮ್ಮ ತಿರುಗಿಯೂ ನೋಡಲಿಲ್ಲ.

"ಸೌಟು ಅಂತ ನಂಗೂ ಗೊತ್ತು. ಇಲ್ಲಿಗ್ಯಾಕ್ ಬಂತು?"

"ನೀರೊಳಕ್ಕೆ ಕೈ ಅದ್ದಬಾರ್ದಂತೆ. ಕೈಯಾಗಿನ ಕೊಳೆ ನೀರ್ಗೋಗಿ, ನೀರಿಂದ ಒಟ್ಟೆಗೋಗಿ, ವಾಂತಿಭೇದಿ ಆಯ್ತದಂತೆ. ನೀನೇ ಕೊಪ್ಲಲ್ಲಿ ದಿನಾ ಬಡ್ಕೋತಿದ್ದೀಯಂತಲ್ಲ. ನಿನ್ ತಂಗಿ ಅನು ಬಂದಿದ್ಲು, ಎಲ್ಲಾನೂ ಯೋಳುದ್ಲು. ನೀನಂತೂ ಎತ್ತ ಅವ್ವಂಗೆ ಒಂದು ಮಾತು ಯೋಳ್ನಿಲ್ಲ."

ಸಿದ್ದರಾಜು ಅಲ್ಲೇ ಗೋಡೆಗೆ ಒರಗಿದ. ಅವನು ತಾಯಿಗೆ ಹೇಳದಿದ್ದದ್ದು ಮರೆತು ಅಲ್ಲ. ಹೇಳುವುದಿಲ್ಲ ಎಂದು ಕಾಗದದಲ್ಲಿ ಸಹಿ ಮಾಡಿಕೊಟ್ಟಿದ್ದ.

ಮೈಸೂರಿನ ಒಂದು ಸಂಸ್ಥೆಯ ಪ್ರೊಫೆಸರ್ ರಘುನಂದನ್ ಅವರ ಯೋಜನೆ ಅದು. ವಾಂತಿಭೇದಿ ನಿಲ್ಲಿಸಬೇಕು, ಆದರೆ ಸಿಕ್ಕಾಪಟ್ಟೆ ಭಾಷಣ ಮಾಡಿ ಅಲ್ಲ, ಸಿದ್ಧಾಂತದ ಪ್ರಕಾರ ನಿಲ್ಲಿಸಬೇಕು. ಆ ಸಿದ್ಧಾಂತಕ್ಕೆ ಐದು ಮೆಟ್ಟಿಲು. ರೋಗ ನನಗೂ ಬರಬಹುದು ಎಂದು ಮನುಷ್ಯನಿಗೆ ಅನ್ನಿಸಬೇಕು. ಬಂದರೆ ಜೀವಕ್ಕೆ ಅಪಾಯ ಎಂದು ಅನ್ನಿಸಬೇಕು. ಉಪಾಯದಿಂದ ಲಾಭ ಇದೆ ಎಂದು ಅನ್ನಿಸಬೇಕು, ಅದು ಕಷ್ಟವಲ್ಲ ಎಂದೂ ಅನ್ನಿಸಬೇಕು. ಇವೆಲ್ಲ ಅನ್ನಿಸಿದ ಮೇಲೂ ಮನುಷ್ಯ ಸುಮ್ಮನೆ ಕೂತಿರುತ್ತಾನಾದ್ದರಿಂದ ಕಡೆಗೊಂದು ಪ್ರೇರಣೆ ಬೇಕು. ಉಪಾಯ ಎಂದರೆ ಉದ್ದ ಹಿಡಿಯ ಸೌಟು, ಪ್ರೇರಣೆ ಎಂದರೆ ಅದನ್ನು ಮನೆಮನೆಗೆ ಪುಕ್ಕಟೆಯಾಗಿ ಕೊಡುವುದು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕಿನಲ್ಲಿ ಎರಡೆರಡು ಊರು ಆರಿಸಿದ್ದರು. ಒಂದರಲ್ಲಿ ಸೌಟು, ಚಿತ್ರಪಟ, ಮನೆ ಭೇಟಿ ಎಲ್ಲ. ಇನ್ನೊಂದರಲ್ಲಿ ಏನೂ ಇಲ್ಲ. ಆ ಇನ್ನೊಂದಕ್ಕೆ ಹೋಲಿಕೆಯ ಊರು ಎಂದು ಹೆಸರು. ಏನೂ ಮಾಡದ ಊರಿಗಿಂತ ಮಾಡಿದ ಊರು ಎಷ್ಟು ಮುಂದೆ ಹೋಯಿತೋ ಅಷ್ಟು ಸಿದ್ಧಾಂತ ಗೆದ್ದಂತೆ. ಪಾಂಡವಪುರ ತಾಲೂಕಿನಲ್ಲಿ ನಾಲೆಯ ಆಚೆ ದಡದ ಹೊಂಗೆಕೊಪ್ಪಲಿಗೆ ಸೌಟು ಬಂತು. ಈಚೆ ದಡದ ಬಸವನಕಟ್ಟೆ ಹೋಲಿಕೆಯ ಊರಾಯಿತು. ಅಲ್ಲಿ ಸೌಟಿನ ಸೊಲ್ಲೆತ್ತಕೂಡದು ಎಂದು ಕಾರ್ಯಕರ್ತ ಸಿದ್ದರಾಜು ಬರೆದುಕೊಟ್ಟ.

ಎರಡು ವರ್ಷದ ಹಿಂದೆ ಆಷಾಢದಲ್ಲಿ ಬಸವನಕಟ್ಟೆಗೆ ವಾಂತಿಭೇದಿ ಬಂದು ಒಂದೇ ವಾರದಲ್ಲಿ ನಾಲ್ಕು ಜನ ಹೋಗಿದ್ದರು. ಅವರಲ್ಲಿ ಇಬ್ಬರು ಇನ್ನೂ ಸ್ಕೂಲಿಗೆ ಸೇರದ ಮಕ್ಕಳು. ಅದನ್ನು ಹೇಳಿದರೆ ಪ್ರೊಫೆಸರ್ ತಲೆಯಾಡಿಸಿ, "ಪಾಪ. ಆದ್ರೆ ಊರು ಬದಲಾಯಿಸೋ ಹಾಗಿಲ್ಲ ಸಿದ್ದರಾಜು, ಅಧ್ಯಯನ ಕೆಟ್ಟುಹೋಗುತ್ತೆ" ಎಂದಿದ್ದರು. ಆಗ ಆ ಕಾಗದವನ್ನು ಅವರ ಮುಖಕ್ಕೆ ಎಸೆದು ಬರಬೇಕಾಗಿತ್ತು. ಅವನು ಸಹಿ ಹಾಕಿದ. ಹಾಕಿದ ನಾಚಿಕೆ ಅವತ್ತಿನಿಂದ ಅವನನ್ನು ಕಚ್ಚುತ್ತಲೇ ಇತ್ತು.

ಹಾಕಿದ್ದೇಕೆ ಎಂದರೆ ತನುಶ್ರೀಗಾಗಿ. ಕೆ.ಆರ್. ಪೇಟೆ ತಾಲೂಕಿನ ಗೋವಿಂದನಹಳ್ಳಿ ಪಕ್ಕದ ಸಾರಂಗನಹಳ್ಳಿಯ ಮರೀಗೌಡರ ಮಗಳು. ಹೆಣ್ಣು ನೋಡಲು ಹೋದಾಗ ಅವಳು ಎರಡು ಸಲ ನಕ್ಕಿದ್ದಳು, ಅಪ್ಪ ಒಂದು ಸಲವೂ ನಗಲಿಲ್ಲ. ಮರೀಗೌಡರ ಸಿಟ್ಟು ಆ ಕಡೆಗೆಲ್ಲ ಹೆಸರುವಾಸಿ. ಡೇರಿಯಲ್ಲಿ ಹಾಲು ಕಮ್ಮಿ ಅಳೆದನೆಂದು ಅಳೆಯುವವನನ್ನು ಕಬ್ಬಿನ ಗದ್ದೆಯವರೆಗೂ ಅಟ್ಟಿಸಿಕೊಂಡು ಹೋದವರು. "ನಿಂದು ಟೆಂಪ್ರವರಿ ಕೆಲ್ಸ. ನನ್ ಮಗಳೇನು ಟೆಂಪ್ರವರಿ ಅಲ್ಲ ಕಣಪ್ಪ. ಪರ್ಮನೆಂಟ್ ಆಗು, ಮಾರ್ನೇ ದಿನ ಚಪ್ರ ಆಕುಸ್ತೀನಿ" ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದರು. ಏಳು ವರ್ಷದಿಂದ ಆ ಯೋಜನೆ ಈ ಯೋಜನೆ ಎಂದು ಟೆಂಪರರಿಯಾಗಿಯೇ ಸವೆದಿದ್ದ ಸಿದ್ದರಾಜುವಿಗೆ ಈ ಸಲ ಒಂದು ದಾರಿ ಕಂಡಿತ್ತು. ನಾಲ್ಕು ತಾಲೂಕಿನ ನಾಲ್ವರು ಕಾರ್ಯಕರ್ತರಲ್ಲಿ ಯಾರ ಊರು ಗೆಲ್ಲುತ್ತದೋ ಅವನಿಗೆ ಸಂಸ್ಥೆಯಲ್ಲಿ ಒಂದು ಕಾಯಂ ಹುದ್ದೆ. ಉಳಿದ ಮೂರು ತಾಲೂಕಿನ ಪರೀಕ್ಷೆ ಹಿಂದಿನ ವಾರ ಮುಗಿದಿತ್ತು, ಯಾರೂ ಗೆದ್ದಿಲ್ಲ ಎಂಬ ಸುದ್ದಿ ಬಂದಿತ್ತು. ಇವತ್ತು ಅವನ ಸರದಿ.

"ಅವ್ವಾ, ನಮ್ಮನೇಲಿ ಒಂದೇ ತಾನೆ ಈ ಸೌಟಿರಾದು?"

"ನಮ್ಮನೇಲಿ ಯಾಕೆ? ಕೇರಿಗೆಲ್ಲ ನಾನೇ ಯೋಳ್ಕೊಟ್ಟೆ. ಒಂದಿಪ್ಪತ್ತು ಮನೇಲಿ ಅದೆ."

ಸಿದ್ದರಾಜು ತಲೆಯ ಮೇಲೆ ಕೈಹೊತ್ತುಕೊಂಡ. ಊರಲ್ಲಿ ಇದ್ದದ್ದೇ ಅರವತ್ತು ಮನೆ. ಹನ್ನೊಂದು ಗಂಟೆಗೆ ಜೀಪು ಬರುತ್ತದೆ. ಏನೂ ಮಾಡದ ಊರಿನಲ್ಲೂ ಸೌಟು ನೇತಾಡುತ್ತಿದ್ದರೆ ಎರಡು ಊರಿಗೂ ವ್ಯತ್ಯಾಸ ಏನು ಉಳಿಯಿತು? ಅವನು ಮೂಲೆಯಲ್ಲಿದ್ದ ಗೋಣಿಚೀಲ ಕೊಡವಿಕೊಂಡು, ಗೋಡೆಯ ಸೌಟನ್ನು ಕಿತ್ತು ಅದರೊಳಕ್ಕೆ ಹಾಕಿದ.

ಪುಟ್ಟಗೌರಮ್ಮ ಈಗ ತಿರುಗಿ ನೋಡಿದಳು. "ಮಡುಗ್ಲಾ ಅದನ್ನ."

"ಇವತ್ತೊಂದಿನ ಕಣವ್ವ. ಸಾಯಂಕಾಲ ವಾಪಸ್ ಕೊಡ್ತೀನಿ."

"ಚಿಕ್ಕಮಾದಯ್ಯನ ಮೊಮ್ಮಗ ಓದಾಗ ಮಣ್ ಮಾಡಾಕೆ ನೀನೂ ಓಗಿದ್ದೆ. ಮರ್ತ್ಬುಟ್ಟಾ? ನಮ್ಮೂರ್ ಮಕ್ಳು ಸಾಯ್ಲಿ, ಕೊಪ್ಪಲ್ ಮಕ್ಳು ಬದುಕ್ಲಿ ಅಂತ ಬರ್ಕೊಟ್ಟಿದ್ದೀಯಾ ನೀನು?"

ಹೌದು, ಹಾಗೆಯೇ ಬರೆದುಕೊಟ್ಟಿದ್ದ. ಅದಕ್ಕೇ ಅವನು ಇನ್ನೂ ಜೋರಾಗಿ ಸಿಟ್ಟು ಮಾಡಿಕೊಂಡು ಬೀದಿಗಿಳಿದ.

ಮೊದಲನೆಯ ಮನೆ ಚಿಕ್ಕಮಾದಯ್ಯನದೇ. ಊರಿನಲ್ಲಿ ದೊಡ್ಡ ಗಂಟಲಿನ ಮನುಷ್ಯ, ಜಗಲಿಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ಸಿದ್ದರಾಜು ಎರಡು ತಿಂಗಳು ಕಲಿತಿದ್ದ ಸಿದ್ಧಾಂತವನ್ನು ತಿರುಗಾಮುರುಗಾ ಮಾಡಿ ಬಿಡಲು ನೋಡಿದ. "ದೊಡ್ಡಪ್ಪ, ಈ ಚಿಪ್ಪಿನ್ ಸೌಟಿಂದ ಅಂಥ ಲಾಭ ಏನೂ ಇಲ್ಲ. ತೊಳೆಯಾದು ಬೇರೆ ಕಷ್ಟ. ಇಷ್ಟು ವರ್ಷ ಚೊಂಬು ಅದ್ದಿ ಕುಡ್ದಿಲ್ವಾ ನಾವು?"

"ಕುಡ್ದೇ ಕಣ್ಲಾ ನಾಕು ಜನ ಓದದ್ದು" ಎಂದ ಚಿಕ್ಕಮಾದಯ್ಯ, ಬಾಯಿಂದ ಬೇವಿನ ಕಡ್ಡಿ ತೆಗೆಯದೆ.

ಮಾತಿನಲ್ಲಿ ಆಗುವ ಕೆಲಸ ಇದಲ್ಲ ಎಂದು ತಿಳಿದ ಸಿದ್ದರಾಜು ಸೀದಾ ಒಳಗೆ ನುಗ್ಗಿ ಸೌಟು ಎತ್ತಿಕೊಂಡು ಹೊರಬಂದ. ಮುಂದಿನ ಮನೆಗಳಲ್ಲಿ ಅದೇ ದಾರಿ ಹಿಡಿದ. ಹೇಳುವುದಿಲ್ಲ, ಕೇಳುವುದಿಲ್ಲ, ಒಳಗೆ ಹೋಗುವುದು, ಮೊಳೆಯಿಂದ ತೆಗೆದು ಚೀಲಕ್ಕೆ ಬಿಡುವುದು. ಗಂಡಸರು ಗದ್ದೆಗೆ ಹೋಗಿದ್ದ ಹೊತ್ತು, ಬಚಾವಾದ. ಅಣ್ಣಮ್ಮ ಮಾತ್ರ ಸೌಟಿನ ಇನ್ನೊಂದು ತುದಿ ಹಿಡಿದುಕೊಂಡು ಹೊಸಿಲಿನವರೆಗೂ ಬಂದಳು.

"ಕೊಪ್ಲೋರ್ಗೆ ಮನೆಗೊಂದು ಸ್ಟೀಲ್ ಸೌಟು ಪುಕ್ಸಟ್ಟೆ ಕೊಟ್ಟೆ. ನಮ್ಗೆ ಕೊಡ್ನಿಲ್ಲ, ಓಗ್ಲಿ ಬುಡು. ನಾವೇ ಚಿಪ್ಪು ಕೆರ್ಕೊಂಡು ಮಾಡ್ಕೊಂಡಿದ್ನೂ ಕಿತ್ಕೋತೀಯಲ್ಲ, ನೀನೇನು ಮನ್ಸನಾ?"

"ಅಣ್ಣಮ್ಮಕ್ಕ, ನನ್ ಒಟ್ಟೆಮೇಲ್ ಒಡೀಬ್ಯಾಡ, ಬುಡು."

ಅಣ್ಣಮ್ಮ ಬಿಟ್ಟಳು. ಎಳೆಯುತ್ತಿದ್ದಾಗಲೇ ಬಿಟ್ಟಿದ್ದರಿಂದ ಸಿದ್ದರಾಜು ಚೀಲದ ಸಮೇತ ಬೀದಿಯ ಕೊಚ್ಚೆಗೆ ಕೂತ. ಎದ್ದು, ಬಟ್ಟೆ ಜಾಡಿಸಿಕೊಂಡು, ಲೆಕ್ಕ ಹಾಕಿದ. ಹತ್ತೊಂಬತ್ತು ಸೌಟು. ಚೀಲವನ್ನು ಮನೆಯ ಹಿಂದಿನ ಹುಲ್ಲಿನ ಮೆದೆಯೊಳಕ್ಕೆ ತುರುಕಿ, ಪಂಚೆ ಬದಲಾಯಿಸಿ ಪ್ಯಾಂಟು ಹಾಕಿಕೊಂಡು, ಸೈಕಲ್ ಹತ್ತಿ ನಾಲೆಯ ಸೇತುವೆ ದಾಟಿದ. ಬೆನ್ನ ಹಿಂದೆ ಇಡೀ ಕೇರಿಯ ಹೆಂಗಸರು ಅವನ ವಂಶವನ್ನು ಉದ್ಧಾರ ಮಾಡುತ್ತಿದ್ದರು.

ಹೊಂಗೆಕೊಪ್ಪಲಿನ ಅರಳಿಕಟ್ಟೆಯ ಬಳಿ ಜೀಪು ಆಗಲೇ ನಿಂತಿತ್ತು. ಪ್ರೊಫೆಸರ್ ರಘುನಂದನ್ ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಮಾಡಿದ ಹಾಗೆ ಇದ್ದರು. ಜೊತೆಗೆ ಅವರ ಶಿಷ್ಯೆ ಅಪರ್ಣ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಫಾರಮ್ಮುಗಳು.

"ನೋಡಿ ಸಿದ್ದರಾಜು, ನಿಯಮ ನೆನಪಿದೆಯಲ್ಲ? ಗೋಡೇಲಿ ಸೌಟು ನೇತಾಡ್ತಿದ್ರೆ ಅದು ಪುರಾವೆ ಅಲ್ಲ. ತೋರಿಸೋದಕ್ಕೂ ನೇತುಹಾಕಬಹುದು. ನಾನು ಕುಡಿಯೋಕೆ ನೀರು ಕೇಳ್ತೀನಿ. ಅವರು ಮಡಕೆಯಿಂದ ಹೇಗೆ ತೆಗೀತಾರೆ ಅನ್ನೋದನ್ನ ಅಪರ್ಣ ನೋಡಿ ಬರೀತಾರೆ. ಸೌಟಿನಲ್ಲಿ ತೆಗೆದ್ರೆ ಒಂದು ಅಂಕ. ಕೈ ಅದ್ದಿದ್ರೆ ಸೊನ್ನೆ. ಯಾಕೆ ಕೇಳ್ತಿದ್ದೀವಿ ಅಂತ ಹೇಳಬಾರದು. ನೀವು ಬಾಯಿ ಬಿಡಬಾರದು. ಒಂದೊಂದು ಊರಲ್ಲಿ ಹತ್ತು ಮನೆ."

ಸಿದ್ದರಾಜು ಧೈರ್ಯವಾಗಿ ತಲೆಯಾಡಿಸಿದ. ಎರಡು ತಿಂಗಳು ಈ ಊರಿನಲ್ಲಿ ತಂಗಿ ಅನುವಿನ ಮನೆಯಲ್ಲಿದ್ದುಕೊಂಡು, ಮನೆಮನೆ ತಿರುಗಿ, ಗಂಟಲು ಹರಿದುಕೊಂಡಿದ್ದ. ಕೊಪ್ಪಲಿನವರು ನಿಜವಾಗಿಯೂ ಕಲಿತಿದ್ದರು. ಹಟ್ಟಿಯ ಮುದುಕಿಯರು ಕೂಡ ಈಗ ಸೌಟಿಲ್ಲದೆ ನೀರು ತೆಗೆಯುತ್ತಿರಲಿಲ್ಲ.

ಮೊದಲ ಮನೆ ಜಯಲಕ್ಷ್ಮಮ್ಮನದು. "ಅಮ್ಮಾ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?" ಎಂದು ಪ್ರೊಫೆಸರ್ ಕೇಳಿದರು. ಆಕೆ ಪಡಸಾಲೆಯಲ್ಲಿ ಚಾಪೆ ಹಾಸಿ, "ಕೂತ್ಕಳಿ ಸೋಮಿ, ಬಿಸ್ಲಲ್ಲಿ ಬಂದಿದ್ದೀರಿ" ಎಂದು ಒಳಗೆ ಹೋದಳು. ಅಪರ್ಣ ಬಾಗಿಲ ಸಂದಿಯಲ್ಲಿ ಪೆನ್ನು ಹಿಡಿದು ನಿಂತಳು. ಒಳಗಿನಿಂದ ಬಂದದ್ದು ಎರಡು ದೊಡ್ಡ ಲೋಟ ಮಜ್ಜಿಗೆ, ಮೇಲೆ ಕೊತ್ತಂಬರಿ ಸೊಪ್ಪು ತೇಲುತ್ತಿತ್ತು.

"ನೀರು ಸಾಕಿತ್ತಮ್ಮ."

"ಬರೀ ನೀರು ಎಂಗ್ ಕೊಡಾನೆ ಸೋಮಿ? ನಾವೇನ್ ಅಂಗಿಲ್ಲ."

ಎರಡನೆಯ ಮನೆಯಲ್ಲಿ ಆಗಲೇ ಮಾಡಿಟ್ಟಿದ್ದ ಬೆಲ್ಲದ ಪಾನಕ. ಮೂರನೆಯದರಲ್ಲಿ ಮತ್ತೆ ಮಜ್ಜಿಗೆ. ನಾಲ್ಕನೆಯದು ಸಿದ್ದಲಿಂಗಮ್ಮನ ಮನೆ, ಅಲ್ಲಿ ಮಜ್ಜಿಗೆ ಮುಗಿದಿತ್ತು. ಸಿದ್ದರಾಜು ಈಗಲಾದರೂ ನೀರು ಬರುತ್ತದೆ ಎಂದು ಕಾದ. ಆಕೆ ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ಓಡಿ ಒಂದು ಲೋಟ ಹಾಲು ಕಡ ತಂದಳು. ಐದನೆಯ ಮನೆಯವನು ಮಚ್ಚು ಸಿಕ್ಕಿಸಿಕೊಂಡು ತೆಂಗಿನ ಮರವನ್ನೇ ಹತ್ತಿದ. ಎಲ್ಲ ಮನೆಯಲ್ಲೂ ಸೌಟು ಥಳಥಳ ಹೊಳೆಯುತ್ತ ಮಡಕೆಯ ಪಕ್ಕದಲ್ಲಿ ನೇತಾಡುತ್ತಲೇ ಇತ್ತು. ಅದನ್ನು ಯಾರೂ ಮುಟ್ಟಲಿಲ್ಲ.

ಆರನೆಯದು ತಂಗಿ ಅನುವಿನ ಮನೆ. ಒಡಹುಟ್ಟಿದವಳು, ಅರ್ಥ ಮಾಡಿಕೊಳ್ಳುತ್ತಾಳೆ ಎಂದು ಸಿದ್ದರಾಜು ಪ್ರೊಫೆಸರರ ಬೆನ್ನ ಹಿಂದೆ ನಿಂತು ಕಣ್ಣಿನಿಂದ ಮಡಕೆ ತೋರಿಸಿದ, ಹುಬ್ಬು ಹಾರಿಸಿದ, ಹೆಬ್ಬೆರಳನ್ನು ಬಾಯಿಗೆ ತೋರಿಸಿದ. ಅನು ಎಲ್ಲ ಅರ್ಥವಾದವಳಂತೆ ತಲೆಯಾಡಿಸಿ ಒಳಗೆ ಹೋದಳು. ಅಣ್ಣನ ದೊಡ್ಡ ಸಾಹೇಬರು, ಇವರ ಕೈಯಲ್ಲಿ ಅಣ್ಣನ ಕೆಲಸ ಇದೆ, ಚೆನ್ನಾಗಿ ನೋಡಿಕೋ ಎಂದು ಅವನು ಹೇಳಿದ್ದಾನೆಂದು ಅವಳಿಗೆ ತಿಳಿದದ್ದು. ಬರೀ ಹಾಲಿನ ಕಾಫಿಯ ಜೊತೆ ಹಬ್ಬಕ್ಕೆ ಎತ್ತಿಟ್ಟಿದ್ದ ನಿಪ್ಪಟ್ಟು, ಕಜ್ಜಾಯ, ಎರಡು ಚಿಪ್ಪು ರಸಬಾಳೆ ಬಂದವು. ಪ್ರೊಫೆಸರ್ ಬೆಲ್ಟನ್ನು ಒಂದು ತೂತು ಸಡಿಲ ಮಾಡಿಕೊಂಡರು.

ಒಂಬತ್ತು ಮನೆ ಮುಗಿದರೂ ಒಂದು ತೊಟ್ಟು ನೀರು ಸಿಗಲಿಲ್ಲ. ಹತ್ತನೆಯದು ಮುದುಕಿ ಮಾದಮ್ಮನ ಮನೆ. ಕಿವಿ ಚುರುಕು, ಕಣ್ಣು ಚುರುಕು, ಸೌಟಿನ ಪಾಠವನ್ನು ಎಲ್ಲರಿಗಿಂತ ಮೊದಲು ಕಲಿತವಳು. ನೀರು ಎಂದ ತಕ್ಷಣ ಅವಳು ನೀರನ್ನೇ ತಂದಳು. ಪ್ರೊಫೆಸರರ ಮುಖ ಅರಳಿತು. ಮಾದಮ್ಮ ಚೊಂಬನ್ನು ಅವರ ಪಾದದ ಹತ್ತಿರ ಇಟ್ಟು, "ಕಾಲು ತೊಳ್ಕಂಡು ಬನ್ನಿ ಸೋಮಿ, ಮಜ್ಗೆ ಕಡೀತೀನಿ" ಎಂದಳು. ಬಚ್ಚಲ ಹಂಡೆಯಿಂದ ಚೊಂಬು ಅದ್ದಿ ತಂದ ನೀರು ಅದು. ಅಪರ್ಣ ಫಾರಮ್ಮಿನಲ್ಲಿ ಬರೆದಳು, ಕೈ ಅದ್ದಿದರು.

ಸಿದ್ದರಾಜುವಿಗೆ ಇನ್ನು ತಡೆಯಲಾಗಲಿಲ್ಲ. "ಸಾರ್, ಇದು ಅನ್ಯಾಯ. ಬಂದೋರಿಗೆ ಬರೀ ನೀರು ಕೊಡೋದು ನಮ್ ಕಡೆ ಮರ್ಯಾದೆ ಅಲ್ಲ. ಇವರೆಲ್ಲ ನೀರಿಗೆ ಸೌಟೇ ಹಾಕೋದು ಸಾರ್, ದೇವರಾಣೆ. ನೀವು ಹೋದ್ಮೇಲೆ ಕದ್ದು ನೋಡಿ ಬೇಕಾದ್ರೆ."

"ಸಿದ್ದರಾಜು, ಫಾರಮ್ಮಿನಲ್ಲಿ ಮಜ್ಜಿಗೆಗೆ ಕಾಲಂ ಇಲ್ಲ."

"ಕಾಲಂ ಇಲ್ದಿದ್ರೆ ಹಾಕಿ ಸಾರ್."

"ಮಧ್ಯದಲ್ಲಿ ಹಾಕಿದ್ರೆ ಅದು ವಿಜ್ಞಾನ ಆಗಲ್ಲ. ಉಳಿದ ಮೂರು ತಾಲೂಕಲ್ಲೂ ಇದೇ ಆಗಿದೆ. ಈ ಊರು ಹತ್ತಕ್ಕೆ ಸೊನ್ನೆ. ನಡೀರಿ, ಹೋಲಿಕೆಯ ಊರಿಗೆ ಹೋಗೋಣ."

ಎರಡು ತಿಂಗಳ ಬೆವರು ಮಜ್ಜಿಗೆಯಲ್ಲಿ ಮುಳುಗಿತು. ಯಾರ ಮೇಲೆ ಕೂಗಾಡಬೇಕು ಎಂದೇ ತಿಳಿಯದೆ ಸಿದ್ದರಾಜು ಜೀಪಿನ ಹಿಂದಿನ ಸೀಟಿನಲ್ಲಿ ಹಲ್ಲು ಕಡಿದುಕೊಂಡು ಕೂತ. ನೀರು ಕೇಳಿದವರಿಗೆ ಹಾಲು ಕೊಟ್ಟವರು ಸೋತರು ಎನ್ನುವ ಫಾರಮ್ಮನ್ನು ಯಾವ ಪುಣ್ಯಾತ್ಮ ಅಚ್ಚು ಹಾಕಿಸಿದ್ದನೋ. ಇನ್ನು ಉಳಿದದ್ದು ಒಂದೇ ಆಸೆ. ಬಸವನಕಟ್ಟೆಯವರೂ ಮಜ್ಜಿಗೆ ಕೊಟ್ಟುಬಿಟ್ಟರೆ ಅಲ್ಲಿಯೂ ಸೊನ್ನೆ. ಆಗ ಗೆಲ್ಲದಿದ್ದರೂ ಸೋಲಂತೂ ಇಲ್ಲ, ಇನ್ನೊಂದು ವರ್ಷ ಟೆಂಪರರಿಯಾಗಿಯಾದರೂ ಇಟ್ಟುಕೊಳ್ಳುತ್ತಾರೆ.

ಜೀಪು ಬಸವನಕಟ್ಟೆಯ ಬೀದಿಗೆ ಬಂತು. ಊರಿಗೆ ಊರೇ ಜಗಲಿಯ ಮೇಲಿತ್ತು. ಮಧ್ಯಾಹ್ನದ ಊಟಕ್ಕೆ ಬಂದ ಗಂಡಸರು ಗದ್ದೆಗೆ ಹೋಗದೆ ಕೂತಿದ್ದರು. ಯಾರೂ ಎದ್ದು ನಿಲ್ಲಲಿಲ್ಲ, ಚಾಪೆ ಹಾಸಲಿಲ್ಲ. ಪ್ರೊಫೆಸರ್ ಚಿಕ್ಕಮಾದಯ್ಯನ ಮನೆಯ ಮುಂದೆ ನಿಂತು, "ಯಜಮಾನ್ರೇ, ಕುಡಿಯೋಕೆ ಸ್ವಲ್ಪ ನೀರು ಸಿಗುತ್ತಾ?" ಎಂದರು.

ಚಿಕ್ಕಮಾದಯ್ಯ ಸಿದ್ದರಾಜುವನ್ನೇ ದುರುಗುಟ್ಟಿ ನೋಡುತ್ತ ಒಳಗೆ ಕೂಗಿದ. "ಲೇ, ಸಿದ್ದರಾಜನ ಜೊತೆಯೋರು ಬಂದವ್ರೆ. ನೀರು ಕೊಡು. ಮಜ್ಗೆ ಗಿಜ್ಗೆ ತಂದ್ಗಿಂದೀಯ. ಬರೀ ನೀರು."

ಸೊಸೆ ಮಡಕೆಯ ಮುಚ್ಚಳ ತೆಗೆದಳು. ಗೋಡೆಯಿಂದ ಒಂದು ಸೌಟು ಇಳಿಸಿದಳು. ಚಿಪ್ಪಿನ ಮೇಲೆ ಇನ್ನೂ ನಾರಿತ್ತು, ಬಿದಿರು ಹಸಿಹಸಿಯಾಗಿತ್ತು, ಮಾಡಿ ಎರಡು ಗಂಟೆಯೂ ಆಗಿರಲಿಲ್ಲ. ಅದರಲ್ಲಿ ನೀರು ತೆಗೆದು, ಲೋಟಕ್ಕೆ ಹುಯ್ದು, ಮುಚ್ಚಳ ಮುಚ್ಚಿ, ಲೋಟವನ್ನು ಪ್ರೊಫೆಸರರ ಮುಂದೆ ಟಣ್ಣೆಂದು ಇಟ್ಟಳು. ಅಪರ್ಣ ಒಂದು ಅಂಕ ಬರೆದಳು.

ನಡೆದದ್ದು ಇಷ್ಟು. ಸಿದ್ದರಾಜು ಚೀಲ ಹೊತ್ತುಕೊಂಡು ಹೋದ ಮೇಲೆ ಸೌಟು ಇಲ್ಲದಿದ್ದ ಸುಮಾರು ನಲವತ್ತು ಮನೆಯವರಿಗೂ ಯೋಚನೆ ಹತ್ತಿತು. ಓದಿದ ಹುಡುಗ, ಕೇವಲ ಒಂದು ತೆಂಗಿನ ಚಿಪ್ಪಿಗಾಗಿ ಕೊಚ್ಚೆಯಲ್ಲಿ ಬಿದ್ದು ಎದ್ದು ಮನೆಮನೆ ನುಗ್ಗುತ್ತಾನೆ ಎಂದರೆ ಅದರಲ್ಲಿ ಏನೋ ಭಾರಿ ವಿಷಯ ಇರಲೇಬೇಕು. ಕೊಪ್ಪಲಿನವರಿಗೆ ಮಾತ್ರ ಸಿಗಬೇಕು, ನಮಗೆ ಸಿಗಬಾರದು ಎಂದು ಮೇಲಿನಿಂದಲೇ ಹುಕುಂ ಆಗಿರಬೇಕು. ಮಧ್ಯಾಹ್ನದ ಹೊತ್ತಿಗೆ ಊರಿನ ತಿಪ್ಪೆಗಳಲ್ಲಿ ಒಂದು ಚಿಪ್ಪೂ ಉಳಿಯಲಿಲ್ಲ. ಚಿಪ್ಪು ಸಿಗದವರು ಒಳ್ಳೆಯ ಕಾಯಿ ಒಡೆದು, ತುರಿದು, ಸಾರಿಗೆ ಹಾಕಿ, ಸೌಟು ಮಾಡಿಕೊಂಡಿದ್ದರು. ಚಿಕ್ಕಮಾದಯ್ಯನಂಥವರು ಕಾಯದೆ ಹೊಸದನ್ನೇ ಮಾಡಿಕೊಂಡ ಮೇಲೆ, ಹುಲ್ಲಿನ ಮೆದೆಯಲ್ಲಿದ್ದ ಚೀಲವನ್ನು ಪುಟ್ಟಗೌರಮ್ಮನೇ ಎಳೆದು ಅವರವರ ಸೌಟನ್ನು ಅವರವರಿಗೆ ಹಂಚಿದ್ದಳು.

ಮನೆ ಮನೆಯಲ್ಲೂ ಅದೇ ಕತೆ. ಅಣ್ಣಮ್ಮ ಬರೀ ನೀರು ಕೊಟ್ಟಳು, ಸಿದ್ದರಾಜು ಕಡೆ ನೋಡಿ ಬಾಗಿಲು ಹಾಕಿಕೊಂಡಳು. ಹತ್ತನೆಯ ಮನೆ ಅವನದೇ. ಪುಟ್ಟಗೌರಮ್ಮ ಹುಟ್ಟಿದಾರಭ್ಯ ಯಾರಿಗೂ ಬರೀ ನೀರು ಕೊಟ್ಟವಳಲ್ಲ. ಮಗನ ಸಾಹೇಬರಿಗೆ ಸೌಟಿನಲ್ಲಿ ಬರೀ ನೀರು ಕೊಟ್ಟು, ಮಗನ ಮುಖವನ್ನೂ ನೋಡದೆ ಒಲೆಯ ಮುಂದೆ ಹೋಗಿ ಕೂತಳು. ಹತ್ತಕ್ಕೆ ಹತ್ತು.

ಪ್ರೊಫೆಸರ್ ಫಾರಮ್ಮುಗಳನ್ನು ತಿರುವಿ ತಿರುವಿ ನೋಡಿದರು. ಎಲ್ಲ ಮಾಡಿದ ಊರಿಗೆ ಸೊನ್ನೆ, ಏನೂ ಮಾಡದ ಊರಿಗೆ ಹತ್ತು. ಅವರ ದನಿ ಇಳಿದುಹೋಗಿತ್ತು. "ನಿಮಗೆ ಇದನ್ನ ಕಲಿಸಿದ್ದು ಯಾರು?"

"ಕಲ್ಸಾಕೆ ನಮ್ಗ್ಯಾರು ಬತ್ತಾರೆ?" ಚಿಕ್ಕಮಾದಯ್ಯ ಬೀದಿಗೇ ಬಂದು ನಿಂತ. "ಇವ್ನು ಬೆಳಿಗ್ಗೆ ಬಂದು ಚೀಲ್ದಲ್ಲಿ ತುಂಬ್ಕೊಂಡೋದ ಕಣ್ ಸೋಮಿ. ಕಿತ್ಕೊಂಡ್ರೆ ಬುಟ್ಬುಡಾಕೆ ನಾವೇನ್ ಬಳೆ ತೊಟ್ಕೊಂಡಿದ್ದೀವಾ? ಇನ್ಮುಂದಕ್ಕೆ ಸೌಟಿಲ್ದೆ ನಮ್ಮೂರಲ್ಲಿ ಯಾವನಾದ್ರೂ ನೀರ್ ಮುಟ್ಟುದ್ರೆ ನನ್ನ ಕೇಳಿ."

ಎಲ್ಲ ಮುಗಿಯಿತು ಎಂದು ಸಿದ್ದರಾಜುವಿಗೆ ಗೊತ್ತಾಯಿತು. ಮುಗಿದ ಮೇಲೆ ಹೆದರುವುದೇನು? ಎರಡು ತಿಂಗಳಿನಿಂದ ನುಂಗಿಕೊಂಡಿದ್ದದ್ದೆಲ್ಲ ಬಾಯಿಗೆ ಬಂತು.

"ಹೌದು ಸಾರ್, ಕಿತ್ಕೊಂಡೆ. ನನ್ ಹೆತ್ತ ತಾಯಿ ಮನೆಯಿಂದ್ಲೇ ಕಿತ್ಕೊಂಡೆ. ಇದು ನಾಲ್ಕು ಹೆಣ ಬಿದ್ದ ಊರು. ಇಲ್ಲಿ ಬಾಯಿ ಬಿಡಬೇಡ ಅಂದ್ರಿ, ಬಿಡಲಿಲ್ಲ. ನಾಯಿ ಹಾಗೆ ಸುಮ್ಮನಿದ್ದೆ. ನಮ್ಮವ್ವ ನಿಮ್ ಸಿದ್ಧಾಂತ ಓದಿಲ್ಲ, ಒಂದು ಚಿಪ್ಪು, ಒಂದು ಕಡ್ಡಿ ತಗೊಂಡು ಕೆಲಸ ಮುಗಿಸಿದಳು. ಅದನ್ನ ಬರ್ಕೊಳ್ಳಿ ನಿಮ್ ಫಾರಮ್ಮಿನಲ್ಲಿ. ಕಾಲಂ ಇಲ್ದಿದ್ರೆ ನನ್ ಬೆನ್ ಮೇಲೆ ಬರೀರಿ. ಕೆಲಸದಿಂದ ತೆಗೀರಿ, ನಂಗೇನೂ ಬೇಡ."

ಪ್ರೊಫೆಸರ್ ಅವನನ್ನೇ ನೋಡುತ್ತ ನಿಂತರು. ನೋಡುತ್ತ ನೋಡುತ್ತ ಅವರ ಕಣ್ಣು ಹೊಳೆಯತೊಡಗಿತು. ಅವನು ಹೇಳಿದ್ದರಲ್ಲಿ ನಾಲ್ಕು ಹೆಣ, ತಾಯಿ, ನಾಯಿ ಯಾವುದೂ ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಕಿತ್ಕೊಂಡ್ರಾ? ಎಷ್ಟು ಮನೆಯಿಂದ? ಎಷ್ಟು ಗಂಟೆಗೆ? ಅಪರ್ಣ, ಬರ್ಕೊಳ್ಳಿ. ಐದನೇ ಮೆಟ್ಟಿಲು. ಇಷ್ಟು ದಿನ ನಾವು ಕೊಡೋದೇ ಪ್ರೇರಣೆ ಅಂತ ತಿಳ್ಕೊಂಡಿದ್ವಿ. ಅಲ್ಲ, ಕಿತ್ಕೊಳ್ಳೋದು ಪ್ರೇರಣೆ. ಹತ್ತೊಂಬತ್ತು ಮನೆಯಿಂದ ಕಿತ್ಕೊಂಡ್ರೆ ಅರವತ್ತು ಮನೆಗೆ ಹರಡುತ್ತೆ. ನಾಲ್ಕು ತಾಲೂಕಲ್ಲಿ ಗೆದ್ದಿರೋದು ಇದೊಂದೇ ಊರು ಸಿದ್ದರಾಜು, ಗೆಲ್ಲಿಸಿದ್ದು ನೀವು."

ಅವರು ಜೀಪಿನ ಬಾನೆಟ್ಟಿನ ಮೇಲೆಯೇ ಸಂಸ್ಥೆಯ ಕಾಗದ ಹರಡಿ, ನಾಲ್ಕು ಸಾಲು ಗೀಚಿ, ಸಹಿ ಹಾಕಿ, ಮೊಹರು ಒತ್ತಿ ಅವನ ಕೈಗಿಟ್ಟರು. ಹುದ್ದೆಯ ಹೆಸರು ಪ್ರೇರಣಾಧಿಕಾರಿ, ಕಾಯಂ.

ಸಿದ್ದರಾಜು ಅದನ್ನು ಮೂರು ಸಲ ಓದಿದ. ಜಗಲಿಯ ಮೇಲೆ ಕೂತ. ಪರ್ಮನೆಂಟ್ ಅಂತೆ ಎಂಬ ಮಾತು ಬೀದಿಯ ಆ ತುದಿಗೆ ಮುಟ್ಟುವಷ್ಟರಲ್ಲಿ ಊರಿನ ಸಿಟ್ಟು ಅರ್ಧಕ್ಕರ್ಧ ಇಳಿದಿತ್ತು. "ನಮ್ ಸೌಟ್ನಿಂದ್ಲೇ ಆಯ್ತು ಕಣ್ಲಾ ನಿಂಗೆ" ಎಂದು ಚಿಕ್ಕಮಾದಯ್ಯ ಅವನ ಬೆನ್ನಿಗೆ ಬಲವಾಗಿಯೇ ಬಡಿದ. ಪುಟ್ಟಗೌರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಬಂದು, ಈಗ ಸಾಹೇಬರಿಗೆ ಮಜ್ಜಿಗೆ ತರಲೇ ಎಂದು ಕೇಳಿದಳು. ಸಾಹೇಬರು ಎರಡೂ ಕೈಯೆತ್ತಿ ಮುಗಿದರು. ಸಿದ್ದರಾಜುವಿಗೆ ಮಾತ್ರ ಚಪ್ಪರ, ಮಾವಿನ ತೋರಣ, ಎರಡು ಸಲ ನಕ್ಕ ತನುಶ್ರೀ, ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿದವು.

"ಕೆಲಸ ಏನು ಸಾರ್ ನಂದು?"

"ಇದೇ ಕೆಲಸ. ಉಳಿದ ಮೂರು ತಾಲೂಕಲ್ಲಿ ಸೌಟು ಹಂಚಿದ್ದೀವಲ್ಲ, ಆ ಊರುಗಳಿಗೆ ಹೋಗಿ ಕಿತ್ಕೊಂಡು ಬರಬೇಕು. ಇವತ್ತು ಮಾಡಿದ ಹಾಗೇ, ಹೇಳದೆ ಕೇಳದೆ, ಒಳಗೆ ನುಗ್ಗಿ. ಜನಕ್ಕೆ ಎಷ್ಟು ಸಿಟ್ಟು ಬರುತ್ತೋ ಅಷ್ಟು ಬೇಗ ಕಲೀತಾರೆ. ಅದಕ್ಕೇ ಎಲ್ಲರಿಗಿಂತ ಸಿಟ್ಟಿನ ಮನುಷ್ಯ ಎಲ್ಲಿದ್ದಾನೋ ಅಲ್ಲಿಂದ ಶುರು ಮಾಡೋಣ." ಪ್ರೊಫೆಸರ್ ತಮ್ಮ ಡೈರಿ ತೆಗೆದು ಪುಟ ಹುಡುಕಿದರು. "ನಮ್ಮ ಕೆ.ಆರ್. ಪೇಟೆ ಕಾರ್ಯಕರ್ತ ಬರೆದಿದ್ದ. ಗೋವಿಂದನಹಳ್ಳಿ ಹತ್ತಿರ ಸಾರಂಗನಹಳ್ಳಿ. ಅಲ್ಲಿ ಮರೀಗೌಡ ಅಂತ ಒಬ್ರು ಇದ್ದಾರಂತೆ. ಸೋಮವಾರ ಬೆಳಿಗ್ಗೆ ಮೊದಲನೇ ಮನೆ ಅವರದೇ."

"ಸಾರ್, ಆ ಮನೆ ಒಂದು ಬಿಟ್ಟು..."

"ಬಿಟ್ರೆ ಈ ಕಾಗದ ವಾಪಸ್ ಕೊಡಿ."

ಸಿದ್ದರಾಜು ಕಾಗದವನ್ನು ವಾಪಸ್ ಕೊಡಲಿಲ್ಲ, ನಾಲ್ಕಾಗಿ ಮಡಿಸಿ ಜೇಬಿಗಿಟ್ಟ. ಕೊಟ್ಟರೆ ಟೆಂಪರರಿ ಕೆಲಸವೂ ಇಲ್ಲ, ಟೆಂಪರರಿಯವನಿಗೆ ಹೆಣ್ಣೂ ಇಲ್ಲ. ಕೆಲಸ ಕಾಯಂ ಆದ ಮೇಲೆ ಮಾವನಾಗುವವರ ಮನೆಗೆ ಹೋಗುವ ಅಳಿಯ ಎಲೆ ಅಡಿಕೆ, ಹೂವು, ಹಣ್ಣು ತಗೊಂಡು ಹೋಗಬೇಕು. ಸಿದ್ದರಾಜು ಗೋಣಿಚೀಲ ತಗೊಂಡು ಹೋಗಬೇಕಾಗಿತ್ತು.